ಚಾಂಪಿಯನ್ ರೀಫ್ಸ್‌ನ ಬೇಸ್ ಗಿಟಾರು

ನಾನು ಬೇಸ್ ಗಿಟಾರ್ ನುಡಿಸುವುದನ್ನು ನಿಲ್ಲಿಸಿದೆ ಎಂದಾಗ ಆಂಡರ್ಸನ್‌ಪೇಟೆಯ ನಮ್ಮ ಬೀದಿಯ ಟೀ ಅಂಗಡಿಯವರು, ಶುರು ಮಾಡಿದ್ದು ಯಾವಾಗ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅವರ ಅಂಗಡಿಯ ಎದುರು ಮನೆಯಲ್ಲೇ ನಾನು ಅರ್ಧ ಆಯುಸ್ಸು ಅಭ್ಯಾಸ ಮಾಡಿದ್ದು.

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮೊದಲು ಇದನ್ನು ತಿಳಿದುಕೊಂಡಿರಲಿ. ಹಾಡುವವನು ತಪ್ಪಿದರೆ ಜನ ನಗುತ್ತಾರೆ. ಗಿಟಾರಿನವನು ತಪ್ಪಿದರೆ ತಿರುಗಿ ನೋಡುತ್ತಾರೆ. ಬೇಸ್‌ನವನು ತಪ್ಪಿದರೆ ಹೊಟ್ಟೆಯಲ್ಲೇನೋ ಸರಿಯಿಲ್ಲ ಅಂದುಕೊಂಡು ಅಡುಗೆಯವರ ಮೇಲೆ ಅನುಮಾನ ಪಡುತ್ತಾರೆ. ನನ್ನ ದೆಸೆಯಿಂದ ಬೈಸಿಕೊಂಡ ಅಡುಗೆಯವರು ಬಂಗಾರಪೇಟೆಯ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ.

ಸನ್ಮಾನಗಳ ವಿಚಾರ ಇಲ್ಲಿ ಬರೆಯುವುದಿಲ್ಲ. ಹೊದಿಸಿದ ಶಾಲುಗಳಲ್ಲಿ ಒಂದನ್ನು ಧೂಳು ಬೀಳದಂತೆ ಸ್ಪೀಕರಿಗೆ ಹೊದಿಸಿದ್ದೇನೆ. ಅದಕ್ಕೇ ಸರಿಯಾಗಿ ಒಪ್ಪುತ್ತದೆ.

ನಮ್ಮ ಊರು ಕಾಮಸಮುದ್ರದ ಕಡೆಯದು. ಅಪ್ಪ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸ ಮಾಡುತ್ತಿದ್ದರು. ನಾವಿದ್ದದ್ದು ಗಣಿಯ ಸಾಲುಮನೆಗಳಲ್ಲಿ. ಮನೆಯೊಳಗೆ ಕನ್ನಡ, ಜಗಲಿಯ ಮೇಲೆ ತೆಲುಗು, ನಲ್ಲಿಯ ಹತ್ತಿರ ತಮಿಳು. ಶನಿವಾರ ಊರಿಗೆ ಹೋದರೆ ಭಜನೆಯಲ್ಲಿ ತಾಳ ಹಾಕುತ್ತಿದ್ದೆ. ನನ್ನ ಸಂಗೀತ ವಿದ್ಯಾಭ್ಯಾಸ ಇಷ್ಟೇ.

ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ವಿನ್ಸೆಂಟಣ್ಣ ಒಂದು ಬ್ಯಾಂಡ್ ಕಟ್ಟಿದ್ದರು. ಗಿಟಾರ್ ಅವರದು. ಡ್ರಮ್ಸ್ ನನ್ನ ಶಾಲೆಯ ಗೆಳೆಯ ಸೆಲ್ವನದು. ಬೇಸ್ ನುಡಿಸಲು ಯಾರೂ ಮುಂದೆ ಬಂದಿರಲಿಲ್ಲ. ಸೆಲ್ವ ನನ್ನನ್ನು ಕರೆದುಕೊಂಡು ಹೋದ. ವಿನ್ಸೆಂಟಣ್ಣ ನನಗೆ ಹಾಡಲು ಬರುತ್ತದೆಯೇ, ಓದಲು ಬರುತ್ತದೆಯೇ ಎಂದೇನೂ ಕೇಳಲಿಲ್ಲ. ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ.

"ಬೆರಳು ದಪ್ಪ ಅದೆ. ಮಾತು ಕಮ್ಮಿ ಅದೆ. ಬೇಸ್ ನಿಂಗೇಪ್ಪಾ" ಎಂದರು.

ಅವರು ಕೊಟ್ಟ ಬೇಸ್ ಗಿಟಾರನ್ನು ಹೊತ್ತುಕೊಂಡು ಮನೆಗೆ ಬಂದೆ. ಅಮ್ಮ ಅಕ್ಕಿ ಆರಿಸುವುದನ್ನು ಬಿಟ್ಟು ತಂತಿಗಳನ್ನು ಎಣಿಸಿದರು. ವಿನ್ಸೆಂಟಣ್ಣನ ಗಿಟಾರನ್ನು ಅವರು ಚರ್ಚಿನ ಹಬ್ಬದಲ್ಲಿ ನೋಡಿದ್ದರು.

"ಅವ್ನಿಗೆ ಆರು ತಂತಿ ಇಟ್ಕಂಡು, ನಿಂಗೆ ಎರಡು ಕಮ್ಮಿ ಮಾಡಿ ಕೊಟ್ಟವ್ನಲ್ಲಲಾ. ಓಗಿ ಕೇಳು" ಎಂದರು. ಇದರಲ್ಲಿ ಇರುವುದೇ ಅಷ್ಟು ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಯವರೆಗೂ ವಿನ್ಸೆಂಟಣ್ಣ ನನಗೆ ಮೋಸ ಮಾಡಿದ್ದಾರೆಂದೇ ತಿಳಿದಿದ್ದರು. ಅವರು ಮನೆಗೆ ಬಂದಾಗಲೆಲ್ಲ ಅಮ್ಮ ಅವರ ಕಾಫಿಗೆ ಸಕ್ಕರೆ ಸ್ವಲ್ಪ ಕಡಿಮೆ ಹಾಕುತ್ತಿದ್ದರು.

ಮೊದಲ ತಿಂಗಳೆಲ್ಲ ವಿನ್ಸೆಂಟಣ್ಣ ನನಗೆ ಒಂದೇ ಸ್ವರ ನುಡಿಸಲು ಹೇಳಿದರು. ಎರಡನೆಯದು ಯಾವಾಗ ಎಂದು ಕೇಳಿದರೆ, ಮೊದಲನೆಯದು ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಸ್ವರ ಎಲ್ಲಿ ಹುಟ್ಟುತ್ತದೆ ಎನ್ನುವುದಷ್ಟೇ ಬೇಸ್‌ನವನ ಕೆಲಸವಲ್ಲ, ಎಲ್ಲಿ ನಿಲ್ಲುತ್ತದೆ ಎನ್ನುವುದೂ ಅವನದೇ. ಡ್ರಮ್ಮಿನ ಪೆಟ್ಟು ಬಿದ್ದ ಮೇಲೆ ತಂತಿ ಸುಮ್ಮನೆ ಗುಂಯ್ಗುಡುತ್ತಿದ್ದರೆ ಇಡೀ ಹಾಡು ಕೆಸರಿನಲ್ಲಿ ನಡೆದ ಹಾಗಿರುತ್ತದೆ.

ಒಂದು ದಿನ ವಿನ್ಸೆಂಟಣ್ಣ ಎಲ್ಲಿಂದಲೋ ಒಂದು ಕ್ಯಾಸೆಟ್ ತಂದರು. ಒಂದೇ ಹಾಡು ಅದರ ಒಂದು ಪಕ್ಕವನ್ನು ಪೂರ್ತಿ ನುಂಗಿಕೊಂಡಿತ್ತು. ಪ್ರೋಗ್ರೆಸಿವ್ ರಾಕ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆವತ್ತು. ಬೇಗ ಹೇಳಿ ಮುಗಿಸಬಹುದಾದದ್ದನ್ನು ಅರ್ಧ ಗಂಟೆ ಹೇಳುವುದು, ನಡುವೆ ತಾಳ ಬದಲಿಸುವುದು, ಜನ ಮುಗಿಯಿತೆಂದು ಚಪ್ಪಾಳೆ ತಟ್ಟಿದ ಮೇಲೆ ಮತ್ತೆ ಶುರು ಮಾಡುವುದು: ಈ ಸಂಗೀತವನ್ನು ಇಷ್ಟಪಡದವರು ಹೀಗೆ ವಿವರಿಸುತ್ತಾರೆ. ಇಷ್ಟಪಡುವ ನಾನೂ ಇದಕ್ಕಿಂತ ಚೆನ್ನಾಗಿ ವಿವರಿಸಲಾರೆ. ಆದರೆ ಆ ಹಾಡು ಒಂದು ಕಡೆಯಿಂದ ಹೊರಟು ಎಲ್ಲೆಲ್ಲೋ ಹೋಗಿ ಸುಸ್ತಾಗಿ ಮನೆಗೆ ಬಂದಂತಿತ್ತು. ಮುಗಿದ ತಕ್ಷಣ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ.

ಅದರ ನಡುವಿನ ಒಂದು ಭಾಗ ನಮಗೆ ಏನು ಮಾಡಿದರೂ ಕೂಡಿಬರಲಿಲ್ಲ. ಪ್ರತಿ ಸುತ್ತಿನಲ್ಲೂ ನಮ್ಮಲ್ಲಿ ಯಾರಾದರೊಬ್ಬರು ಮುಗ್ಗರಿಸುತ್ತಿದ್ದರು. ಇದು ನಮ್ಮೂರ ಭಜನೆಯ ಏಳು ಪೆಟ್ಟಿನ ತಾಳದ ತರಹ ಇದೆಯಲ್ಲ ಎಂದೆ. ವಿನ್ಸೆಂಟಣ್ಣನಿಗೆ ಬೇಜಾರಾಯಿತು. ರಾಕ್ ಕೇಳಿದರೆ ನಿನಗೆ ಭಜನೆ ಕೇಳಿಸುತ್ತದಾ, ನಾಳೆ ಕರ್ಪೂರ ತರುತ್ತೀಯಾ ಎಂದು ಕೇಳಿದರು. ಆದರೆ ಮುಂದಿನ ಭಾನುವಾರ ತಾವೇ ಏಳು ಎಣಿಸಿಕೊಂಡು ಬಂದರು. ಆವತ್ತಿನಿಂದ ನಾನು ಸ್ವಂತ ರಚನೆಗಳನ್ನು ಮಾಡಲು ಶುರು ಮಾಡಿದೆ. ಎಲ್ಲವೂ ಏಳು ಪೆಟ್ಟಿನವು. ಸಿನಿಮಾ ಹಾಡುಗಳ ಹಾಗೆ ಎಂಟು ಬಂದರೆ ನನಗೆ ಅವಮಾನವಾದ ಹಾಗೆ ಆಗುತ್ತಿತ್ತು. ಆ ವಯಸ್ಸೇ ಹಾಗೆ.

ಅದರ ಫಲ ಸಿಕ್ಕಿದ್ದು ಬಂಗಾರಪೇಟೆಯ ಒಂದು ಛತ್ರದಲ್ಲಿ. ಮದುವೆಯ ಆರತಕ್ಷತೆ. ವಿನ್ಸೆಂಟಣ್ಣನಿಗೆ ಜ್ವರ ಬಂದಿದ್ದರಿಂದ ಬ್ಯಾಂಡು ನನ್ನ ಕೈಯಲ್ಲಿತ್ತು. ಜನ ಕೇಳುವ ಸಿನಿಮಾ ಹಾಡುಗಳನ್ನು ಮಾತ್ರ ನುಡಿಸು, ನಿನ್ನ ಕಸುಬು ಅಲ್ಲಿ ತೋರಿಸಬೇಡ ಎಂದು ಅವರು ಕಂಬಳಿಯೊಳಗಿಂದಲೇ ಹೇಳಿ ಕಳಿಸಿದ್ದರು. ನಾನು ತಲೆಯಾಡಿಸಿ ಬಂದಿದ್ದೆ.

ಗಂಡಿನ ಸೋದರಮಾವಂದಿರು ಕುಣಿಯಲು ಇಳಿದರು. ಒಳ್ಳೆ ಮೈಕಟ್ಟಿನ ಜನ. ಸೆಲ್ವನಿಗೆ ಕಣ್ಣು ಮಿಟುಕಿಸಿ ಸಿನಿಮಾ ಹಾಡಿನ ನಡುವೆ ಮೆಲ್ಲಗೆ ನನ್ನ ರಚನೆಗೆ ತಿರುಗಿಸಿದೆ. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಎಲ್ಲರ ಎಡಗಾಲು ಬರಬೇಕಾದ ಕಡೆ ಬಲಗಾಲು ಬರತೊಡಗಿತು. ಒಬ್ಬರು ಇನ್ನೊಬ್ಬರ ಕಾಲು ತುಳಿದರು. ತುಳಿಸಿಕೊಂಡವರು ಹಿಂದಕ್ಕೆ ಸರಿದು ಐಸ್‌ಕ್ರೀಮ್ ಮೇಜಿಗೆ ಆತುಕೊಂಡರು. ಮೇಜು ಅಷ್ಟು ಭಾರ ತಡೆಯುವಂಥದ್ದಾಗಿರಲಿಲ್ಲ. ದೊಡ್ಡ ಮಾವ ಮಾತ್ರ ಸೋಲೊಪ್ಪದೆ ಕುಣಿಯುತ್ತಿದ್ದರು. ಅವರನ್ನು ನೋಡಿದರೆ ಕಾಲಿಗೆ ಮುಳ್ಳು ಚುಚ್ಚಿಕೊಂಡವರು ಅದನ್ನು ಯಾರಿಗೂ ತೋರಿಸಬಾರದೆಂದು ನಡೆಯುವ ಹಾಗಿತ್ತು.

ನಾವು ಸಾಮಾನು ಕಟ್ಟುವಾಗ ಹೆಣ್ಣಿನ ಕಡೆಯ ಒಬ್ಬ ಹುಡುಗಿ ವೇದಿಕೆಯ ಹತ್ತಿರ ಬಂದಳು. ಹೆಣ್ಣಿನ ಚಿಕ್ಕಮ್ಮನ ಮಗಳು, ಹೆಸರು ಸರೋಜಾ. ಬೈಯಲು ಬಂದಿದ್ದಾಳೆ ಅಂದುಕೊಂಡು ನಾನು ಆಗಲೇ ತಲೆ ತಗ್ಗಿಸಿದ್ದೆ.

"ಪ್ರತಿ ಸುತ್ತಿಗೂ ಒಂದೊಂದು ಎಜ್ಜೆ ತಿಂದಾಕ್ತಿದ್ರಲ್ಲ, ಬೇಕಂತಲೇ ಮಾಡಿದ್ದಾ, ಇಲ್ಲ ಬರಲ್ವಾ?" ಎಂದು ಕೇಳಿದಳು.

ಬೇಕಂತಲೇ ಮಾಡಿದ್ದು ಎಂದೆ. "ಅಂಗಾದ್ರೆ ಚೆನ್ನಾಗಿತ್ತು" ಎಂದು ಹೊರಟುಹೋದಳು. ಆ ಛತ್ರದಲ್ಲಿ ಅಷ್ಟು ಜನರ ನಡುವೆ ನಾನು ಏನು ಮಾಡುತ್ತಿದ್ದೇನೆಂದು ಗಮನಿಸಿದ್ದು ಅವಳೊಬ್ಬಳೇ. ನನಗೆ ಬೇರೆ ದಾರಿಯೇ ಉಳಿಯಲಿಲ್ಲ. ನಮ್ಮ ಮದುವೆಗೆ ಅವಳ ಮನೆಯವರು ಹಾಕಿದ ಷರತ್ತು ಒಂದೇ: ಆರತಕ್ಷತೆಗೆ ಬೇರೆ ಬ್ಯಾಂಡು.

ಗಣಿ ಮುಚ್ಚಿದ್ದು ಅದಾದ ಮೇಲೆ. ಎಷ್ಟೋ ದಿನದಿಂದ ಮುಚ್ಚುತ್ತಾರೆ ಎನ್ನುತ್ತಲೇ ಇದ್ದರು, ಹಾಗಾಗಿ ನಿಜವಾಗಿ ಮುಚ್ಚಿದಾಗ ಯಾರಿಗೂ ನಂಬಿಕೆ ಬರಲಿಲ್ಲ. ಪಾಳಿಯ ಸೈರನ್ ನಿಂತ ಮೇಲೂ ಅಮ್ಮ ಅದೇ ಹೊತ್ತಿಗೆ ಅಪ್ಪನ ಊಟದ ಡಬ್ಬಿ ತೊಳೆದಿಡುತ್ತಿದ್ದರು. ಅಪ್ಪನ ಎದೆಯಲ್ಲಿ ಆಗಲೇ ಕಲ್ಲಿನ ಧೂಳು ತುಂಬಿತ್ತು. ಹೆಚ್ಚು ದಿನ ಉಳಿಯಲಿಲ್ಲ. ವಿನ್ಸೆಂಟಣ್ಣ ಆಂಡರ್ಸನ್‌ಪೇಟೆಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ ತೆರೆದರು. ಗಿಟಾರು ಮಂಚದ ಕೆಳಗೆ ಹೋಯಿತು. ಅದರ ಮಾತೆತ್ತಿದರೆ, ನಿನ್ನ ಮಿಕ್ಸಿ ಕೆಟ್ಟಿದ್ದರೆ ಹೇಳು ಎನ್ನುತ್ತಿದ್ದರು.

ಸೆಲ್ವ ಮತ್ತು ನಾನು ಬೆಳಗಿನ ರೈಲು ಹಿಡಿದು ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೊಗಳಿಗೆ ಹೋಗತೊಡಗಿದೆವು. ಆ ರೈಲಿನಲ್ಲಿ ಅರ್ಧ ಕೆ.ಜಿ.ಎಫ್. ಇರುತ್ತಿತ್ತು. ಕೂರಲು ಜಾಗ ಸಿಗದಿದ್ದಾಗ ಸೆಲ್ವ ನನ್ನ ಬೇಸ್ ಪೆಟ್ಟಿಗೆಯನ್ನು ತೋರಿಸಿ, ಒಳಗೆ ಹಾವಿದೆ ಎಂದು ತಮಿಳಿನಲ್ಲಿ ಹೇಳುತ್ತಿದ್ದ. ಯಾರೂ ನಂಬುತ್ತಿರಲಿಲ್ಲ, ಆದರೂ ಸ್ವಲ್ಪ ಸರಿದು ಕೂರುತ್ತಿದ್ದರು.

ಸ್ಟುಡಿಯೊದಲ್ಲಿ ನಾನು ಹೆಚ್ಚಾಗಿ ನುಡಿಸಿದ್ದು ಭಕ್ತಿಗೀತೆಗಳಿಗೆ. ಒಬ್ಬ ಸಂಗೀತ ನಿರ್ದೇಶಕರು ಬಹಳ ಶಿಸ್ತಿನ ಮನುಷ್ಯ. ಅವರ ಪ್ರಕಾರ ಬೇಸ್ ಎಂದರೆ ಒಗ್ಗರಣೆಯ ಇಂಗು. ಇರಬೇಕು, ಆದರೆ ಬಾಯಿಗೆ ಸಿಗಬಾರದು. ನಾನು ಒಂದು ಸ್ವರ ಹೆಚ್ಚು ಸೇರಿಸಿದರೆ ಗಾಜಿನ ಆಚೆಯಿಂದ ಕೈ ಎತ್ತಿ, ದೇವರು ಎದ್ದುಬಿಡುತ್ತಾರೆ ಎನ್ನುತ್ತಿದ್ದರು. ಅವರ ಕೈಕೆಳಗೆ ಕಲಿತದ್ದು ಬಹಳ. ಅವರಿಗೆ ನಾನು ಕಲಿಸಿದ್ದು ಏನೂ ಇಲ್ಲ, ಒಂದು ಸಲ ಏಳು ಪೆಟ್ಟಿನಲ್ಲಿ ನುಡಿಸಿದಾಗ ಎಷ್ಟು ಜೋರಾಗಿ ಕೂಗಬಹುದು ಎನ್ನುವುದನ್ನು ಬಿಟ್ಟು.

ಆಗೆಲ್ಲ ಎಲ್ಲರೂ ಒಟ್ಟಿಗೆ ಕೂತು ನುಡಿಸುತ್ತಿದ್ದೆವು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ವೀಣೆಯ ಹಿರಿಯರೊಬ್ಬರು ಕೊನೆಯ ಸಾಲಿನಲ್ಲಿ ಸೀನಿ, ಇಡೀ ಕೀರ್ತನೆಯನ್ನು ಮತ್ತೆ ಮಾಡಿಸಿದ್ದು ಈಗಲೂ ನೆನಪಿದೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆದು ನುಡಿಸಿಕೊಳ್ಳುವ ಪದ್ಧತಿ ಬಂತು. ಯಾವ ಹಾಡಿಗೆ ನುಡಿಸಿದೆ, ಹಾಡಿದವರು ಯಾರು ಎಂದೂ ಗೊತ್ತಾಗುತ್ತಿರಲಿಲ್ಲ. ಕೊನೆಕೊನೆಗೆ ಕಂಪ್ಯೂಟರ್ ಮುಂದೆ ಕೂತವರು, ಅಂಕಲ್, ಒಂದು ಸುತ್ತು ನುಡಿಸಿದರೆ ಸಾಕು, ಉಳಿದದ್ದನ್ನು ನಾನೇ ಅಂಟಿಸಿಕೊಳ್ಳುತ್ತೇನೆ ಎಂದರು. ಚಹಾ ಬರುವ ಮೊದಲೇ ನನ್ನ ಕೆಲಸ ಮುಗಿದಿತ್ತು. ಹಾಡು ಕೇಳಿದಾಗ ನಾನು ಶುರುವಿನಿಂದ ಕೊನೆಯವರೆಗೆ ಒಂದು ಸ್ವರವೂ ತಪ್ಪದೆ ನುಡಿಸಿದ್ದೆ. ಅಷ್ಟು ಚೆನ್ನಾಗಿ ನಾನು ಎಂದೂ ನುಡಿಸಿದವನಲ್ಲ. ಹೊಸಬರು ಕಂಪ್ಯೂಟರನ್ನು ಬೈಯಬೇಡಿ, ಅದು ನನ್ನ ಮರ್ಯಾದೆ ಎಷ್ಟೋ ಸಲ ಉಳಿಸಿದೆ. ಆದರೆ ಜೊತೆಯಲ್ಲಿ ಕೂತು ನುಡಿಸಲು ನಾಲ್ಕು ಜನರನ್ನು ಹುಡುಕಿಕೊಳ್ಳಿ. ಇಲ್ಲದಿದ್ದರೆ ಕಿವಿ ಒಣಗುತ್ತದೆ.

ಆ ರೈಲಿನಲ್ಲಿ ಹೋಗಿ ಬರುತ್ತಲೇ ನಾನು ಗಣಿಯ ಬಗ್ಗೆ ಒಂದು ದೊಡ್ಡ ರಚನೆ ಮಾಡಿದೆ. ಮಾತಿಲ್ಲ, ವಾದ್ಯ ಮಾತ್ರ. ಹೆಸರು 'ಪಾಳಿ'. ಅದರಲ್ಲಿ ಏನೆಲ್ಲ ಇತ್ತು! ಸೈರನ್ ಕೂಗು, ಸಿಡಿಮದ್ದಿನಂತೆ ಡ್ರಮ್ಸ್, ಜನರನ್ನು ಕೆಳಗಿಳಿಸುವ ಕೇಜಿನ ಗಡಗಡ ಸದ್ದು, ಕೊನೆಗೆ ಬೇಸ್ ತಂತಿ ಉಜ್ಜಿ ತೆಗೆದ ಕೆಮ್ಮು. ಆ ಕೆಮ್ಮಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಚಾಂಪಿಯನ್ ರೀಫ್ಸ್‌ನ ಒಂದು ಹಳೆಯ ಸಭಾಂಗಣದಲ್ಲಿ ಗಣಿಯ ಹಳೆಯ ಕೆಲಸಗಾರರ ಮುಂದೆ ಅದನ್ನು ನುಡಿಸುವುದೆಂದು ನಿಶ್ಚಯವಾಯಿತು. ವಿನ್ಸೆಂಟಣ್ಣ ಗಿಟಾರ್ ಹಿಡಿಯಬೇಕೆಂದು ನನ್ನ ಆಸೆ. ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಅವರ ಅಂಗಡಿಗೆ ಹೋದೆ.

ಅವರು ಕೈಯಲ್ಲಿದ್ದ ಮಿಕ್ಸಿಯನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೆಮ್ಮು ಬಂದಾಗ ಟೇಪು ನಿಲ್ಲಿಸಿದರು.

"ಇದು ನಿಮ್ಮಪ್ಪಂದಾ?" ಎಂದು ಕೇಳಿದರು.

ಹೌದು ಎಂದೆ.

"ಅವ್ರು ಕೆಮ್ಮೋವಾಗ ಯಾರಿಗೂ ಕೇಳಿಸ್ಬಾರ್ದು ಅಂತ ಗೋಡೆ ಕಡೆ ತಿರುಗಿಕೊಳ್ತಿದ್ರು. ನೀನು ಅದನ್ನ ಸ್ಪೀಕರ್‌ನಲ್ಲಿ ಹಾಕಿ ಚಪ್ಪಾಳೆ ತಟ್ಟಿಸ್ಕೋತೀಯಾ? ನಾನು ಬರಲ್ಲಪ್ಪಾ. ಓಗು."

ನಾನು ಹೊರಗೆ ಬಂದೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಚಿನ್ನ ತೆಗೆದ ಕಲ್ಲಿನ ಪುಡಿ ಸುರಿದು ಬೆಳೆದ ಸೈನೈಡ್ ದಿಬ್ಬದ ಬಳಿ ಸೈಕಲ್ ನಿಲ್ಲಿಸಿ ಬಹಳ ಹೊತ್ತು ಕೂತೆ. ಗಾಳಿಗೆ ದಿಬ್ಬದ ಬಿಳಿ ಧೂಳು ಎದ್ದು ಊರ ಕಡೆ ಹೋಗುತ್ತಿತ್ತು. ಮೊದಲು ಸಿಟ್ಟು ಬಂತು, ನನ್ನ ಅಪ್ಪನ ಬಗ್ಗೆ ನನಗೇ ಹೇಳಲು ಇವರು ಯಾರು ಎಂದು. ಆಮೇಲೆ ಅಪ್ಪ ಗೋಡೆ ಕಡೆ ತಿರುಗುತ್ತಿದ್ದದ್ದು ಕಣ್ಣ ಮುಂದೆ ಬಂತು. ಹೊದಿಕೆಯ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಅದನ್ನು ನೋಡಿದ್ದೆ, ಆದರೆ ಹಾಡು ಕಟ್ಟುವಾಗ ನೆನಪಾದದ್ದು ಸದ್ದು ಮಾತ್ರ.

ಮರುದಿನ ಕೆಮ್ಮನ್ನು ತೆಗೆದೆ. ಅದು ಹೋದ ಮೇಲೆ ಸೈರನ್ ಸುಳ್ಳು ಅನ್ನಿಸಿತು, ಅದನ್ನೂ ತೆಗೆದೆ. ಸಿಡಿಮದ್ದು ತೆಗೆಯುತ್ತೇನೆ ಎಂದಾಗ ಸೆಲ್ವ ಎರಡು ದಿನ ಮಾತು ಬಿಟ್ಟ, ಯಾಕೆಂದರೆ ಅವನು ಅದಕ್ಕೆಂದೇ ಒಂದು ಹೊಸ ಡ್ರಮ್ ತಂದಿದ್ದ. ಕೊನೆಗೆ ಉಳಿದದ್ದು ನಿಧಾನವಾದ ಏಳು ಪೆಟ್ಟು, ಅದರ ಮೇಲೆ ಸ್ಟುಡಿಯೊದ ಗೆಳೆಯನೊಬ್ಬನ ಕೀಬೋರ್ಡಿನ ತೆಳ್ಳನೆಯ ಒಂದು ರಾಗ, ಕೆಳಗೆ ನನ್ನ ಬೇಸ್. ಗಣಿ ಎಲ್ಲಿದೆ ಇದರಲ್ಲಿ ಎಂದು ಸೆಲ್ವ ಕೇಳಿದ. ನನಗೂ ಖಚಿತವಿರಲಿಲ್ಲ.

ಕಾರ್ಯಕ್ರಮ ಸಂಜೆ. ಹಳೆಯ ಕೆಲಸಗಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ಮೊದಲ ಸಾಲಿನಲ್ಲಿ ವಿನ್ಸೆಂಟಣ್ಣ ಕೈಕಟ್ಟಿ ಕೂತಿದ್ದರು. ಕರೆಯದೆ ಬಂದಿದ್ದರು. ನೀನು ಕೆಮ್ಮು ನುಡಿಸಿದರೆ ಎದ್ದು ಹೋಗಲೆಂದೇ ಮುಂದೆ ಕೂತಿದ್ದೆ ಎಂದು ಆಮೇಲೆ ಅವರೇ ಹೇಳಿದರು.

ಶುರು ಮಾಡಿದೆವು. ಕಾಲು ಭಾಗ ಮುಗಿದಿರಬೇಕು, ಕರೆಂಟ್ ಹೋಯಿತು.

ಕರೆಂಟ್ ಇಲ್ಲದ ಬೇಸ್ ಗಿಟಾರ್ ಒಂದು ಹಲಗೆ. ಕೀಬೋರ್ಡೂ ಸತ್ತಿತು. ಕಿಟಕಿಗಳನ್ನು ಮುಚ್ಚಿದ್ದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸೆಲ್ವನ ಡ್ರಮ್ಸ್ ಮಾತ್ರ ಏನು ಮಾಡಬೇಕೆಂದು ತಿಳಿಯದೆ ಮೆಲ್ಲಗೆ ನಡೆಯುತ್ತಿತ್ತು. ಇನ್ನೇನು ಜನ ಎದ್ದು ಗಲಾಟೆ ಶುರುವಾಗುತ್ತದೆ ಎಂದು ಕಾದೆ. ಯಾರೂ ಏಳಲಿಲ್ಲ. ಒಂದು ಕುರ್ಚಿಯೂ ಕಿರ್ರೆನ್ನಲಿಲ್ಲ. ಗಣಿಯ ಕೆಳಗೆ ದೀಪ ಆರಿದರೆ ಓಡಬಾರದು, ಪಕ್ಕದವರಿಗೆ ಕೇಳುವಂತೆ ಏನಾದರೂ ಹೇಳುತ್ತಾ ನಿಂತಲ್ಲೇ ಇರಬೇಕು ಎಂದು ಅಪ್ಪ ಹೇಳುತ್ತಿದ್ದರು. ಆ ಸಭಾಂಗಣದಲ್ಲಿ ಕೂತವರೆಲ್ಲ ಹಾಗೆ ನಿಂತು ಅಭ್ಯಾಸವಿದ್ದವರು.

ಮೊದಲ ಸಾಲಿನಿಂದ ವಿನ್ಸೆಂಟಣ್ಣನ ದನಿ ಬಂತು. ತ ಕಿ ಟ, ತ ಕ ಧಿ ಮಿ. ತ ಕಿ ಟ, ತ ಕ ಧಿ ಮಿ. ಸಿಟ್ಟಿನಿಂದ ಲೆಕ್ಕ ಹೇಳಿಕೊಡುವ ಮೇಷ್ಟರ ಹಾಗೆ. ಸೆಲ್ವ ಅದನ್ನು ಹಿಡಿದುಕೊಂಡ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ತೊಡೆ ತಟ್ಟಿದರು, ಇನ್ನೊಬ್ಬರು ಕುರ್ಚಿಯ ಕೈ ತಟ್ಟಿದರು, ಸ್ವಲ್ಪ ಹೊತ್ತಿನಲ್ಲಿ ಇಡೀ ಸಭಾಂಗಣ ಏಳಕ್ಕೆ ಏಳು ಸರಿಯಾಗಿ ತಟ್ಟುತ್ತಿತ್ತು. ನಾನು ಸತ್ತ ತಂತಿಗಳ ಮೇಲೆ ಬೆರಳಾಡಿಸುತ್ತಲೇ ಇದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ, ನನಗೂ. ಕಣ್ಣೀರು ಬರುತ್ತಿದ್ದದ್ದೂ ಯಾರಿಗೂ ಕಾಣುತ್ತಿರಲಿಲ್ಲ, ಅದಕ್ಕೆ ವಿದ್ಯುತ್ ಇಲಾಖೆಗೆ ಈಗಲೂ ಕೃತಜ್ಞ.

ಕರೆಂಟ್ ಬಂದಾಗ ಬೇಸ್ ತಾನಿರಬೇಕಾದ ಜಾಗದಲ್ಲೇ ಎದ್ದಿತು. ಮುಗಿಯುವವರೆಗೂ ಜನ ತಟ್ಟುವುದನ್ನು ಬಿಡಲಿಲ್ಲ.

ವಿನ್ಸೆಂಟಣ್ಣ ವೇದಿಕೆಯ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ನಾನು ಬೇಸ್ ಹೊತ್ತುಕೊಂಡೇ ಕೆಳಗಿಳಿದೆ.

"ಕರೆಂಟ್ ಇಲ್ದಾಗ ಬೋ ಚೆನ್ನಾಗಿ ನುಡಿಸ್ದೆ" ಎಂದರು. ಆಮೇಲೆ, "ಮೊದಲ್ನೇ ಭಾಗದಲ್ಲಿ ಇನ್ನೂ ಎರಡು ಸ್ವರ ಜಾಸ್ತಿ ಅದೆ. ಭಾನುವಾರ ಬತ್ತೀನಿ, ತೆಗೆಯೋಣ" ಎಂದರು.

ಭಾನುವಾರ ಬಂದರು. ಗಿಟಾರಿನ ತಂತಿಗಳಿಗೆ ತುಕ್ಕು ಹಿಡಿದು ಬೆರಳೆಲ್ಲ ಕೆಂಪಾಯಿತು. ಆಮೇಲೆ ಕೈಲಾಗುವವರೆಗೂ ನಮ್ಮೊಂದಿಗೆ ನುಡಿಸಿದರು, ಕೈಲಾಗದಿದ್ದಾಗ ಕೂತು ಬೈದರು. ಅವರು ತೀರಿಕೊಂಡ ಮೇಲೆ ನನ್ನ ರಚನೆಗಳು ಉದ್ದವಾಗತೊಡಗಿದವು. ತೆಗೆ ಎನ್ನುವವರು ಯಾರೂ ಉಳಿದಿರಲಿಲ್ಲ.

ನನ್ನ ನಿವೃತ್ತಿಗೆ ಕಾರಣ ಎಡಗೈಯ ಉಂಗುರದ ಬೆರಳು. ಮಡಿಸಿದರೆ ಬಿಡಿಸಿಕೊಳ್ಳುವುದಿಲ್ಲ, ಬಿಡಿಸಿದರೆ ಮಡಿಸಿಕೊಳ್ಳುವುದಿಲ್ಲ. ಡಾಕ್ಟರು ವಿಶ್ರಾಂತಿ ಕೊಡಿ ಎಂದರು. ಸೆಲ್ವ, ಬೆರಳಿಗಿಂತ ಮೊದಲು ನಮ್ಮ ಕಿವಿಗೆ ಕೊಡಬೇಕಿತ್ತು ಎಂದ. ನನ್ನ ಜಾಗಕ್ಕೆ ಈಗ ಶ್ರುತಿ ಬಂದಿದ್ದಾಳೆ. ಅವಳ ತಂದೆ ಧಾರವಾಡದ ಕಡೆಯವರು, ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ. ಅವಳ ಬೇಸ್‌ಗೆ ಐದು ತಂತಿ. ನನ್ನ ಹಳೆಯ ರಚನೆಯನ್ನು ಕಲಿಯುವಾಗ ಒಂದು ಕಡೆ ಬೆರಳು ತೋರಿಸಿ, ಇಲ್ಲಿ ಇಷ್ಟು ಹೊತ್ತು ಏನೂ ಆಗುವುದಿಲ್ಲವಲ್ಲ, ಯಾಕೆ ಸರ್ ಎಂದು ಕೇಳಿದಳು. ಅವಳಿಗೆ ಒಳ್ಳೆಯ ಭವಿಷ್ಯವಿದೆ.

ಹೋದ ತಿಂಗಳು ಬಂಗಾರಪೇಟೆಯಲ್ಲಿ ನಮ್ಮ ಬ್ಯಾಂಡಿನ ಕಾರ್ಯಕ್ರಮ. ಜೀವನದಲ್ಲಿ ಮೊದಲ ಸಲ ನನ್ನ ರಚನೆಯನ್ನು ನಾನು ಎದುರಿಗೆ ಕೂತು ಕೇಳಿದೆ. ವೇದಿಕೆಯ ಮೇಲೆ ನಿಂತವರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಕೆಳಗೆ ಕೂತರೆ ಬೇರೆಯೇ. ನಾನು ಒಂದು ಸಲ ಕಾಲು ಬದಲಿಸಿದೆ, ನೀರು ಕುಡಿದೆ, ಮತ್ತೆ ಕಾಲು ಬದಲಿಸಿದೆ. ಕೊನೆಗೆ ಪಕ್ಕದಲ್ಲಿದ್ದ ಸರೋಜಾಳ ಕಡೆ ಬಾಗಿ, ಸ್ವಲ್ಪ ಉದ್ದವಾಯಿತಲ್ಲವೇ ಎಂದು ಪಿಸುಗುಟ್ಟಿದೆ.

"ಇಷ್ಟು ವರ್ಸ ನಾನು ಎಂಗೆ ಕೂತಿದ್ದೆ ಅಂತ ಈಗ ಗೊತ್ತಾಯ್ತಾ?" ಎಂದಳು.

ಏನಾದರೂ ಹೇಳೋಣವೆಂದು ಬಾಯಿ ತೆಗೆದೆ. ಅವಳು ವೇದಿಕೆಯಿಂದ ಕಣ್ಣು ಕೀಳದೆ ನನ್ನ ಕೈ ಹಿಡಿದು ಒತ್ತಿದಳು.

"ಸುಮ್ಕಿರಿ. ಮುಂದೆ ಚೆನ್ನಾಗದೆ."